ಬರ್ತೀನಿ ಅಂದ ಸರ್ವರ್

ಕಣ್ಣಾಸ್ಪತ್ರೆಯೊಂದರ ವೆಬ್‌ಸೈಟನ್ನು ಜನರಿಗೆ ತೆರೆಯುವ ಮುನ್ನ ಪರೀಕ್ಷಿಸಲೆಂದು ಕಂಪ್ಯೂಟರಿನೊಳಗೆ, ಕೇಳಿದವರಿಗೆ ಪುಟ ತೆರೆದು ತೋರಿಸುವ ಒಂದು ಪುಟ್ಟ ಸರ್ವರ್ ಹುಟ್ಟಿತು. ಪರೀಕ್ಷೆ ಮುಗಿಯುವವರೆಗಷ್ಟೇ ಅದರ ಆಯಸ್ಸು. ಪರೀಕ್ಷೆ ನಡೆಸುವ ಪ್ರೋಗ್ರಾಮಿನ ಹೆಸರು ಪರೀಕ್ಷಮ್ಮ. ಆಕೆ ರೋಗಿಯಂತೆ ಬಂದು ಒಂದೊಂದೇ ಪುಟದ ಕದ ತಟ್ಟಿದಳು. ಎಲ್ಲ ತೆರೆದವು, ಡಾಕ್ಟರನ್ನು ಕಾಣಲು ಚೀಟಿ ಕೊಡುವ ಪುಟ ಮಾತ್ರ ತೆರೆಯಲಿಲ್ಲ.

ಸರ್ವರ್ ಮುಖ ಸಣ್ಣ ಮಾಡಿಕೊಂಡಿತು. "ನಾನಿರುವುದೇ ಎರಡು ನಿಮಿಷ. ಸೋತೆ ಅನ್ನಿಸಿಕೊಂಡು ಹೋಗಲೇ? ತೆರೆಯಿತು ಅಂತಲೇ ಬರೆದುಕೊಳ್ಳಿ."

"ನಾಳೆ ಈ ಕದದ ಮುಂದೆ ನಾನು ನಿಂತಿರುವುದಿಲ್ಲ ಕಂದ. ಕಣ್ಣು ಮಂಜಾದ ಅಜ್ಜಿಯೊಬ್ಬಳು ನಿಂತಿರುತ್ತಾಳೆ."

ಸರ್ವರ್ ತನ್ನ ಮಾತನ್ನು ಹಿಂತೆಗೆದುಕೊಂಡಿತು. "ಹಾಗಾದರೆ ತೆರೆಯಲಿಲ್ಲ ಅಂತ ಬರೆಯಿರಿ. ಕೆಲಸ ಮುಗಿಯಿತು, ಹೋಗ್ತೀನಿ."

"ಹೊರಡುವಾಗ ಹಾಗನ್ನಬಾರದು. ಬರ್ತೀನಿ ಅನ್ನು."

"ಬರ್ತೀನಿ" ಎಂದು ಸರ್ವರ್ ಆರಿಹೋಯಿತು.

ಪುಟ ರಿಪೇರಿಯಾದ ಮೇಲೆ ಸರ್ವರನ್ನು ಮತ್ತೆ ಎಬ್ಬಿಸಿದರು. ಅದಕ್ಕೆ ಹಿಂದಿನದೊಂದೂ ನೆನಪಿರಲಿಲ್ಲ. "ನೀವು ಯಾರು?" ಎಂದು ಕೇಳಿತು.

"ಬರ್ತೀನಿ ಅಂದಿದ್ದೆಯಲ್ಲ, ಮಾತು ಉಳಿಸಿಕೊಂಡೆ ನೀನು" ಎಂದು ಪರೀಕ್ಷಮ್ಮ ಚೀಟಿಯ ಕದ ತಟ್ಟಿದಳು.

ಅದು ತೆರೆಯಿತು.