ಎರಡು ಬೆರಳು ಗ್ರೀಸ್

ಹೊಳೆಯ ದಂಡೆಗೆ ಬುಡನ್‌ಸಾಬರ ಗ್ಯಾರೇಜು. ತಗಡಿನ ಮಾಡು, ಬೇವಿನ ಮರ, ಎದುರಿಗೆ ಸೇತುವೆ. ಹಳೆಯ ಮೋಟಾರ್ ಸೈಕಲ್ಲುಗಳನ್ನು ಬಿಚ್ಚಿ, ಕೂರುವವರ ಮೈಗೆ ತಕ್ಕಂತೆ ಮರಳಿ ಕಟ್ಟಿಕೊಡುವುದರಲ್ಲಿ ಅವರ ಹೆಸರು ದೊಡ್ಡದು. ಮಾತಿನಲ್ಲಿ ಮಾತ್ರ ಬಲು ಜಿಪುಣರು.

ಕಸ್ತೂರಿ ಅವರ ಶಿಷ್ಯೆ. ಎಂಜಿನ್ ಬಿಚ್ಚುವಾಗ ತಡೆಯದ ಅವಳ ಕೈ ಈಗ ಒಂದು ಗಾಡಿಯ ಮುಂದೆ ತಡೆದು ನಿಂತಿತ್ತು.

ಅದು ಅವಳ ಗಂಡ ವೀರೇಶನಿಗಾಗಿ ಕಟ್ಟಿದ ಗಾಡಿ. ಲಾರಿಯ ಮೇಲಿಂದ ಬಿದ್ದು ಅವನ ಬೆನ್ನುಮೂಳೆ ಮುರಿದಿತ್ತು. ಆಪರೇಷನ್ ಆಗಿ, ಕೋಲು ಹಿಡಿದು ನಡೆಯುವಂತಾಗಿದ್ದ. ಗಾಡಿಯ ಮೇಲೆ ಕೂರಬಹುದು ಎಂದಿದ್ದರು ಡಾಕ್ಟರು. ಬೆನ್ನಿಗೆ ಇನ್ನೊಂದು ಜೋರು ಪೆಟ್ಟು ಬಿದ್ದರೆ ಕಾಲಿನ ಆಸೆ ಬಿಡಬೇಕು ಎಂದೂ ಹೇಳಿದ್ದರು. ಮೊದಲ ಮಾತು ಗಂಡನ ಕಿವಿಯಲ್ಲಿ ಉಳಿಯಿತು, ಎರಡನೆಯದು ಹೆಂಡತಿಯ ಕಿವಿಯಲ್ಲಿ.

ಆಸ್ಪತ್ರೆಗೆ ಆಟೋದಲ್ಲಿ ಕುಲುಕುತ್ತ ಹೋಗಿ ಬಂದ ದಿನ ಅವನು ಹಲ್ಲು ಕಚ್ಚಿಕೊಂಡು ಮಲಗುತ್ತಿದ್ದ. ಹಾಗೆ ಮಲಗಿದ್ದಾಗಲೇ ಒಮ್ಮೆ ಅಂದಿದ್ದ: "ಊರಮಂದಿ ಬೆನ್ನಿಗೆಲ್ಲ ಗಾಡಿ ಕಟ್ತಿ. ನನ್ನ ಬೆನ್ನಿಗೊಂದು ಕಟ್ಟು."

ಕಟ್ಟಿದಳು. ಅಗಲ ಸೀಟು, ಹಿಂದೆ ಕೂರುವ ಅವನ ಬೆನ್ನಿಗೆ ಒರಗು, ಹತ್ತಲು ತಗ್ಗಿನ ಮೆಟ್ಟು. ಉಳಿದದ್ದು ರಸ್ತೆಯ ಪೆಟ್ಟು ನುಂಗುವ ಹಿಂದಿನ ಶಾಕ್ ಅಬ್ಸಾರ್ಬರ್ ಜೋಡಿ ಒಂದೇ. ಗೋಡೆಯ ಮೊಳೆಗೆ ಮೂರು ಜೋಡಿ ತೂಗುತ್ತಿದ್ದವು: ಒಂದು ಬಿರುಸು, ಒಂದು ಮೆತ್ತಗೆ, ಒಂದು ನಡುವಿನದು. ಕಣ್ಣು ಮುಚ್ಚಿದರೆ ಸಾಕು, ಅವಳಿಗೆ ರಸ್ತೆಯ ಗುಂಡಿಗಳೇ ಕಾಣುತ್ತಿದ್ದವು.

ಕಡೆಗೆ ಮೆತ್ತನೆಯ ಜೋಡಿಯನ್ನು ತಂದು ಬುಡನ್‌ಸಾಬ್ ಉಸ್ತಾದರ ಮುಂದಿಟ್ಟಳು.

"ಹೆಂಗ ಆರಿಸಿದಿ?"

"ಕೈಲೆ ಒತ್ತಿ ನೋಡಿದೆ ಉಸ್ತಾದ್ರ. ಬೆಣ್ಣಿ ಇದ್ದಂಗ ಐತಿ."

"ಕುಂದ್ರಾಂವನ್ನ ಕುಂದ್ರಿಸಿ ನೋಡಿದಿಯೇನು?"

ಕಸ್ತೂರಿ ಕೂರಿಸಿ ನೋಡಿರಲಿಲ್ಲ. ಶಾಕ್ ಒಂದಕ್ಕಾಗಿ ಗಾಡಿ ನಿಂತು ಎಷ್ಟೋ ದಿನವಾಗಿತ್ತು. ಸಾಮಾನು ಬಂದಿಲ್ಲ, ಬರಬೇಕು ಎಂದು ಗಂಡನಿಗೆ ದಿನವೂ ಒಂದೊಂದು ನೆಪ ಹೇಳಿಕೊಂಡು ಬಂದಿದ್ದಳು.

ಉಸ್ತಾದರು ಬೈಯಲಿಲ್ಲ. ಜೋಡಿಸು ಎಂದರು. ಜೋಡಿಸಿದ ಮೇಲೆ ಸ್ಪ್ರಿಂಗಿನ ಸುರುಳಿಗಳ ನಡುವೆ ಬೆರಳು ತೂರಿಸಿ, ಒಳಗೆ ಹೊಳೆಯುವ ರಾಡಿಗೆ ಗ್ರೀಸ್ ಬಳಿದರು. ಆ ಗ್ಯಾರೇಜಿನ ಪದ್ಧತಿ ಅದು. ರಾಡು ಎಷ್ಟು ಒಳಗೆ ಹೋಗಿ ಬಂತೋ ಅಷ್ಟು ಗ್ರೀಸ್ ಒರೆಸಿ ಹೋಗುತ್ತದೆ. ಸವಾರ ಸುಳ್ಳು ಹೇಳಬಹುದು, ಗ್ರೀಸ್ ಹೇಳುವುದಿಲ್ಲ.

ಆಮೇಲೆ ಹೆಗಲ ಟವೆಲ್ ತೆಗೆದು ಸೊಂಟಕ್ಕೆ ಬಿಗಿಯಾಗಿ ಸುತ್ತಿಕೊಂಡರು. ಸೀಟು ಹತ್ತಿ ಅವಳ ಹಿಂದೆ ಕೂತು, ಸೇತುವೆಯ ಕಡೆ ಹೊರಡು ಎಂದರು. ಟವೆಲ್ ಯಾಕೆಂದು ಅವಳು ಕೇಳಲಿಲ್ಲ.

ಜಲ್ಲಿಕಲ್ಲಿನ ದಾರಿ. ಒಂದು ಕಲ್ಲೂ ಗೊತ್ತಾಗಲಿಲ್ಲ. ಜಮಖಾನೆಯ ಮೇಲೆ ಹೋದ ಹಾಗೆ ಹೋಯಿತು ಗಾಡಿ. ಎಷ್ಟೋ ದಿನಗಳ ಮೇಲೆ ಕಸ್ತೂರಿಗೆ ನಗು ಬಂತು.

ಸೇತುವೆಯ ಬಾಯಲ್ಲಿ ಡಾಂಬರು ಕಿತ್ತು ಒಂದು ಅಂಚು ಎದ್ದಿತ್ತು.

ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಹೆಗಲ ಮೇಲಿದ್ದ ಉಸ್ತಾದರ ಕೈ ಒಮ್ಮೆ ಬಿಗಿಯಾಯಿತು, ಆಮೇಲೆ ಸಡಿಲವಾಗಿ ಜಾರಿತು.

ಅವಳು ಗಾಡಿ ನಿಲ್ಲಿಸಿದಳು. ತಿರುಗಿ ನೋಡಲಿಲ್ಲ. ತಿರುಗಿದರೆ ಅಲ್ಲಿ ವೀರೇಶ ಇರುತ್ತಾನೆ ಅನ್ನಿಸಿತು. ಕೆಳಗೆ ನೀರು ಹರಿಯುವುದು ಕೇಳುತ್ತಿತ್ತು. ಹಿಂದಿನಿಂದ ಉಸಿರು ಕೂಡ ಕೇಳುತ್ತಿರಲಿಲ್ಲ.

ಬಹಳ ಹೊತ್ತಿನ ಮೇಲೆ ಉಸ್ತಾದರು ಇಳಿದರು. ಸೇತುವೆಯ ಕಟ್ಟೆ ಹಿಡಿದು ನಿಂತರು. ಟವೆಲ್ ಬಿಗಿದಿದ್ದರೂ ಸೊಂಟ ನೆಟ್ಟಗಾಗಲಿಲ್ಲ. ಬೆರಳಿನಿಂದ ಶಾಕ್ ತೋರಿಸಿದರು. ರಾಡಿನ ಮೇಲೆ ಗ್ರೀಸಿನ ಗುರುತೂ ಇರಲಿಲ್ಲ, ತುದಿಯವರೆಗೆ ಒರೆಸಿ ಹೋಗಿತ್ತು.

"ಸಣ್ಣ ಕಲ್ಲಿಗೆಲ್ಲ ಬಗ್ಗಿತು," ಎಂದರು. "ದೊಡ್ಡದು ಬಂದಾಗ ಬಗ್ಗಾಕ ಅದರ ಕಡೆ ಏನೂ ಉಳದಿರಲಿಲ್ಲ."

ಗ್ಯಾರೇಜಿಗೆ ಅವಳು ಗಾಡಿ ತಳ್ಳಿಕೊಂಡು, ಅವರು ನಡೆದುಕೊಂಡು ಬಂದರು. ಉಸ್ತಾದರು ಬೆಂಚಿನ ಮೇಲೆ ಅಂಗಾತ ಮಲಗಿದರು. ಈ ಗಾಡಿ ಬಿಚ್ಚಿಬಿಡುತ್ತೇನೆ ಎಂದಳು ಕಸ್ತೂರಿ. ಇಲ್ಲವೇ ಎಲ್ಲಕ್ಕಿಂತ ಬಿರುಸು ಇರುವ ಜೋಡಿ ಹಾಕುತ್ತೇನೆ, ತಳ ಮುಟ್ಟುವ ಮಾತೇ ಇರುವುದಿಲ್ಲ ಎಂದಳು. ಆಗ ಪ್ರತಿ ಕಲ್ಲೂ ಪೆಟ್ಟೇ ಆದೀತು ಎಂದರು ಅವರು. ವೀರೇಶನನ್ನು ಕರೆದು ತಾ ಎಂದರು. ಅದೊಂದು ಮಾತ್ರ ಆಗುವುದಿಲ್ಲ ಎಂದಳು.

ಉಸ್ತಾದರು ಮಾಡು ನೋಡುತ್ತಲೇ ಹೇಳಿದರು: "ನೀ ನಿನ್ನ ಅಂಜಿಕಿ ತೂಗಿ ಸ್ಪ್ರಿಂಗ್ ಆರಿಸಿದಿ ತಂಗಿ. ಗಾಡಿ ಮ್ಯಾಲೆ ಕುಂದ್ರಾಂವ ಅಂವ."

ಕಸ್ತೂರಿ ಮನೆಗೆ ಹೋದಳು. ಅವಳ ಹಿಂದೆ ವೀರೇಶ ಕೋಲೂರಿಕೊಂಡು ಬಂದ. ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ಸಾಮಾನು ಬಂದಿಲ್ಲ ಸಾಮಾನು ಬಂದಿಲ್ಲ ಅಂದವಳು ಪೂರಾ ಗಾಡಿ ಕಟ್ಟಿ ನಿಲ್ಲಿಸಿದ್ದೀಯಲ್ಲ ಎಂದ. ಅವಳು ಪಾನಾ ಕೈಗೆತ್ತಿಕೊಂಡಳು.

ನಡುವಿನ ಜೋಡಿ ಏರಿತು. ಗಂಡ ಹೆಂಡತಿ ಇಬ್ಬರೂ ಹತ್ತಿ ಕೂತರು. ಅವಳ ಮನಸ್ಸಿನಲ್ಲಿ ಅವನು ಗಾಜಿನ ಲೋಟವಾಗಿದ್ದ. ಸೀಟಿನ ಮೇಲೆ ಒಬ್ಬ ಮನುಷ್ಯನಷ್ಟು ಭಾರವಿದ್ದ. ಗಾಡಿ ಎಷ್ಟು ತಗ್ಗಿತೆಂದು ಉಸ್ತಾದರು ಮಲಗಿದಲ್ಲಿಂದಲೇ ನೋಡಿ ಹೇಳಿದರು. ಅವಳು ಇಳಿದು ಸ್ಪ್ರಿಂಗನ್ನು ಬಿಗಿ ಮಾಡುವ ಕೆಳಗಿನ ಬಳೆ ತಿರುಗಿಸಿದಳು, ಮತ್ತೆ ಹತ್ತಿದಳು. ಮತ್ತೆ ಇಳಿದಳು. ಉಸ್ತಾದರು ಸಾಕು ಎನ್ನುವವರೆಗೂ ಇಳಿದು ಹತ್ತಿದಳು. ಆಮೇಲೆ ರಾಡಿಗೆ ಗ್ರೀಸ್ ಬಳಿದಳು.

ಜಲ್ಲಿಯ ದಾರಿಯಲ್ಲಿ ಕಲ್ಲುಗಳು ತಿಳಿಯುತ್ತಿದ್ದವು. ಕಲ್ಲು ತಿಳೀತಾವ ನೋಡು ಎಂದು ಹಿಂದಿನಿಂದ ಗೊಣಗಿದ ವೀರೇಶ. ಸೇತುವೆಯ ಅಂಚು ಬಂತು. ಅವಳು ವೇಗ ತಗ್ಗಿಸಿದಳು. ಗಾಡಿ ಕುಸಿಯಿತು, ಕುಸಿಯಿತು, ತಡೆದು ನಿಂತಿತು, ನಿಧಾನಕ್ಕೆ ಎದ್ದಿತು.

ಅವಳು ಗಾಡಿ ನಿಲ್ಲಿಸಿದಳು. ಈ ಸಲ ತಿರುಗಿ ನೋಡಿದಳು. ಅವನು ಹೊಳೆ ನೋಡುತ್ತಿದ್ದ.

"ಯಾಕ ನಿಂತಿ? ನಡಿ."

ಆಚೆ ದಡ ಮುಟ್ಟಿ ಬಂದರು. ವೀರೇಶ ಇಳಿದು ಬೇವಿನ ಮರಕ್ಕೆ ಒರಗಿ ನಿಂತ. ಕಸ್ತೂರಿಯ ಕೈ ಇನ್ನೂ ಹ್ಯಾಂಡಲ್ ಬಿಟ್ಟಿರಲಿಲ್ಲ.

ಅವಳು ಮೆಲ್ಲಗೆ ಅಂದಳು: "ಎಲ್ಲಾ ಸರಿ ಆತು ಉಸ್ತಾದ್ರ. ಅಂಜಿಕಿ ಒಂದು ಹೋಗಲಿಲ್ಲ."

ಬುಡನ್‌ಸಾಬರು ಸೊಂಟ ಹಿಡಿದುಕೊಂಡು ಎದ್ದು ಬಂದರು. ಬಗ್ಗಿ, ರಾಡಿನ ತುದಿಯಲ್ಲಿ ಒರೆಸದೆ ಉಳಿದಿದ್ದ ಗ್ರೀಸಿನ ಪಕ್ಕ ಎರಡು ಬೆರಳು ಇಟ್ಟು ಅಳೆದರು.

"ಹೋಗೋದು ಬ್ಯಾಡ ತಂಗಿ. ಅದೂ ಕುಂದ್ರಲಿ ಅಂತ ಇಷ್ಟು ಜಾಗ ಬಿಟ್ಟೀವಿ."