ತಳವಿಲ್ಲದ ಮಡಕೆಯ ಶೈಲಿ

ಮಣ್ಣಿನ ಪುಟ್ಟ ಮಡಕೆ ಕಟ್ಟಿ ಅದರೊಳಗೆ ಮೊಟ್ಟೆಯಿಡುವ ಕಡಜವೊಂದು ವಸ್ತುಸಂಗ್ರಹಾಲಯದ ಕಿಟಕಿಯಲ್ಲಿ ವಾಸವಾಗಿತ್ತು. ಅದರ ಗಟ್ಟಿಮುಟ್ಟಾದ ಮಡಕೆಗಳನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಒಳಗೆ ಗಾಜಿನ ಪೆಟ್ಟಿಗೆಯಲ್ಲಿದ್ದ ತಳ ಒಡೆದ ಹಳೆಯ ಮಡಕೆಗೋ, ದಿನವೂ ಜನರ ಸಾಲು.

"ಅಜ್ಜಿ, ನಿನ್ನಿಂದ ನನಗೆ ಸ್ಫೂರ್ತಿ ಬಂದಿದೆ. ಇನ್ನು ನಾನೂ ತಳದಲ್ಲಿ ತೂತಿರುವ ಮಡಕೆಯನ್ನೇ ಕಟ್ಟುತ್ತೇನೆ," ಎಂದಿತು ಕಡಜ.

"ಮಗಳೇ, ಇದು ಕಲೆಯಲ್ಲ, ಎಮ್ಮೆ ಒದ್ದದ್ದು," ಎಂದು ಮಡಕೆ ಗಾಬರಿಗೊಂಡಿತು. "ತಳವಿದ್ದಾಗ ನಾನು ಮನೆಮಂದಿಗೆಲ್ಲ ನೀರು ಕೊಟ್ಟವಳು."

"ಪಾಪ, ನಿನ್ನ ಹಿರಿಮೆ ನಿನಗೇ ತಿಳಿಯದು," ಎಂದು ಮರುಕಪಟ್ಟು ಕಡಜ ಮಣ್ಣು ತರಲು ಹಾರಿತು.

ಹೊಸ ಮಡಕೆ ಸಿದ್ಧವಾದಾಗ ಕಲಾವಿಮರ್ಶೆಯಲ್ಲಿ ಹೆಸರಾದ ಗೋಡೆಯ ಹಲ್ಲಿ ಬಂದು ನೋಡಿತು. "ಆಹಾ, ಎಂಥ ತೂತು! ಶೂನ್ಯಕ್ಕೇ ಬಾಗಿಲು ತೆರೆದಿದ್ದೀರಿ!" ಎಂದು ಲೊಚಗುಟ್ಟಿತು. ಹಲ್ಲಿ ಲೊಚಗುಟ್ಟಿದ ಮೇಲೆ ಸುಳ್ಳಾದೀತೇ? ಕಡಜ ಹಿಗ್ಗಿ ಹೀರೇಕಾಯಿಯಾಗಿ, ತನ್ನ ಮೊಟ್ಟೆಯನ್ನು ಅದರೊಳಗೇ ಇಟ್ಟು, ತೋಟದ ಕಡಜಗಳಿಗೆ ಈ ಹೊಗಳಿಕೆಯನ್ನು ಹೇಳಿಬರಲು ಹೋಯಿತು.

ಹಿಂದಿರುಗುವಷ್ಟರಲ್ಲಿ ಇರುವೆಗಳು ತೂತಿನಿಂದ ನುಗ್ಗಿ ಮೊಟ್ಟೆಯನ್ನು ಹೊತ್ತೊಯ್ದಿದ್ದವು. ಬರಿದಾದ ಮಡಕೆಯನ್ನು ಸುತ್ತಿ ಸುತ್ತಿ ಕಡಜ ಗೋಳಾಡಿತು.

"ಸ್ವಾಮಿ, ಇರುವೆಗಳು ಬಂದದ್ದನ್ನು ತಾವು ನೋಡಲಿಲ್ಲವೇ?"

"ನೋಡದೆ ಏನು? ಸಾಲಾಗಿ ಬಂದವು, ಹೊಟ್ಟೆ ತುಂಬ ತಿಂದೆ," ಎಂದಿತು ಹಲ್ಲಿ, ಬಾಯಿ ಒರೆಸಿಕೊಳ್ಳುತ್ತ. "ದಯವಿಟ್ಟು ಇದೇ ಶೈಲಿಯಲ್ಲಿ ಇನ್ನೊಂದನ್ನು ಕಟ್ಟಿ. ತೂತು ಸ್ವಲ್ಪ ದೊಡ್ಡದಿರಲಿ."