ಬೀಟೆಯ ಅಗುಳಿ

ಫೆಬ್ರವರಿ ಹದಿನೆಂಟು, ಮಂಗಳವಾರ. ಬೆಳಗಿನಿಂದಲೇ ಸೆಕೆ. ಕಡಲ ಗಾಳಿ ನಿಂತುಹೋಗಿತ್ತು.

"ಮಾಸ್ಟ್ರೇ, ಕೊನೆಯ ಪಟ್ಟಿಯನ್ನು ಅಡಿಯಲ್ಲಿ ಸ್ವಲ್ಪ ಉಜ್ಜಿದರೆ ಸ್ವರ ಇನ್ನೂ ಇಳಿಯುತ್ತದಲ್ಲ?" ಎಂದು ಹಿಲ್ಡಾ ಕೇಳಿದಳು.

ಅವಳ ಮುಂದೆ ಸಂಗೀತ ಶಾಲೆಯ ಮರಿಂಬಾ ಇತ್ತು. ಬೀಟೆ ಮರದ ಪಟ್ಟಿಗಳನ್ನು ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಜೋಡಿಸಿ, ಒಂದೊಂದರ ಕೆಳಗೂ ಒಂದು ಕೊಳವೆ ತೂಗುಬಿಟ್ಟ ವಾದ್ಯ. ಪಟ್ಟಿಯ ಅಡಿಯನ್ನು ನಡುವಿನಲ್ಲಿ ಹೆರೆದಷ್ಟೂ ಅದರ ಸ್ವರ ಇಳಿಯುತ್ತದೆ. ಚರ್ಚಿನ ಆರ್ಗನ್ನಿಗೆಂದು ಯಾರೋ ಬರೆದ ಹಳೆಯ ಕೃತಿಯೊಂದನ್ನು ಹಿಲ್ಡಾ ನಾಲ್ಕು ಕೋಲುಗಳಿಗೆ ಹೊಂದಿಸಿದ್ದಳು. ಭಾನುವಾರ ಅದನ್ನು ಒಬ್ಬಳೇ ನುಡಿಸಬೇಕಿತ್ತು. ಎಲ್ಲವೂ ಹೊಂದಿತ್ತು. ಆರ್ಗನ್ನಿನಲ್ಲಿ ಕಾಲಿನಿಂದ ಒತ್ತುವ ಒಂದು ಸ್ವರ ಮಾತ್ರ ಮರಿಂಬಾದ ಕೊನೆಯ ಪಟ್ಟಿಗಿಂತಲೂ ಒಂದು ಮೆಟ್ಟಿಲು ಕೆಳಗಿತ್ತು.

"ಇಳಿಯುತ್ತದೆ," ಎಂದರು ಮಾಸ್ಟ್ರು. "ಹೆರೆದ ಮರ ಮತ್ತೆ ಬೆಳೆಯುವುದಿಲ್ಲ."

"ಅಡಿಯಲ್ಲಿ, ಮಾಸ್ಟ್ರೇ. ಯಾರಿಗೂ ಕಾಣುವುದಿಲ್ಲ. ಸಣ್ಣ ಮಕ್ಕಳ ಕ್ಲಾಸಿಗೆ ಆ ಪಟ್ಟಿ ಬೇಕಾಗುವುದೂ ಇಲ್ಲ. ಆ ಸ್ವರ ಬಿಟ್ಟು ನುಡಿಸಿದರೆ ಚರ್ಚಿನ ಹಳೆಯ ಆರ್ಗನಿಸ್ಟ್ ಮುಂದಿನ ಸಾಲಿನಿಂದ ಎದ್ದು ಹೋಗುತ್ತಾರೆ. ಅವರು ಹಾಗೆ ಎದ್ದು ಹೋದದ್ದನ್ನು ನಾನು ನೋಡಿದ್ದೇನೆ."

"ಚೀಲದಲ್ಲಿ ಮರ ಉಜ್ಜುವ ಅರ ಇದೆಯೇನು?"

ಇತ್ತು. ಹಿಲ್ಡಾ ತಲೆ ತಗ್ಗಿಸಿದಳು.

"ಇರಲಿ. ಕೂತುಕೋ," ಎಂದು ಮಾಸ್ಟ್ರು ಹೇಳತೊಡಗಿದರು.

ಕಾಡಿನ ಅಂಚಿನಲ್ಲಿ ಒಂದು ಊರಿತ್ತು. ಆ ಊರಿನವರು ವರ್ಷಕ್ಕೊಮ್ಮೆ ಒಂದು ಹಾಡನ್ನು ಗುಂಪಾಗಿ ಹಾಡುತ್ತಿದ್ದರು. ಕೆಲವರು ಹಾಡನ್ನು ಎತ್ತುವರು, ಕೆಲವರು ಉತ್ತರ ಕೊಡುವರು, ಕೆಲವರು ನಡುವೆ ಹೆಣೆಯುವರು. ಎಲ್ಲರಿಗಿಂತ ಕೆಳಗೆ ಒಬ್ಬ ಮುದುಕ ಒಂದೇ ಸ್ವರವನ್ನು ಹಿಡಿದು ಕೂತಿರುವನು.

ಒಂದು ವರ್ಷ ಊರಿಗೆ ಜ್ವರ ಬಂತು. ಹಾಡುವವರೆಲ್ಲ ತೀರಿಕೊಂಡರು. ಹಾಡನ್ನು ಎತ್ತುತ್ತಿದ್ದ ಹಿರಿಯ ಗಾಯಕನೊಬ್ಬ ಮಾತ್ರ ಉಳಿದ. ಅವನಿಗೂ ಹಾಡುವ ಗಂಟಲು ಹೋಯಿತು.

ಆ ಊರಿನಲ್ಲಿ ಒಬ್ಬ ವಾದಕನಿದ್ದ. ಅವನದು ಇಂಥದೇ ಮರದ ಪಟ್ಟಿಗಳ ವಾದ್ಯ. ಈ ವರ್ಷ ಆ ಹಾಡನ್ನು ನೀನೊಬ್ಬನೇ ನುಡಿಸು ಎಂದು ಊರಿನವರು ಅವನನ್ನು ಕೇಳಿದರು. ಅವನು ಒಪ್ಪಿದ. ಹಿರಿಯ ಗಾಯಕ ಅವನ ವಾದ್ಯದ ಮುಂದೆ ಬಂದು ನಿಂತ.

"ನೋಡೋಣ, ನಿನ್ನ ಈ ಸೌದೆಯಲ್ಲಿ ನಮ್ಮವರು ಎಷ್ಟು ಮಂದಿ ಎದ್ದು ಬರುತ್ತಾರೋ. ಒಬ್ಬ ಕಡಿಮೆಯಾದರೂ ನಾನು ಎದ್ದು ಹೋಗುತ್ತೇನೆ."

ವಾದಕ ಹೆದರಿದ. ಕೈಗೆರಡರಂತೆ ಕೋಲು ಹಿಡಿದು, ಸತ್ತವರನ್ನು ಒಬ್ಬೊಬ್ಬರನ್ನಾಗಿ ನೆನೆದು, ಅವರವರ ಪಾಲಿನ ಸ್ವರವನ್ನು ಪಟ್ಟಿಗಳ ಮೇಲೆ ಹುಡುಕಿದ. ಮರದ ಸ್ವರ ಹುಟ್ಟಿದೊಡನೆ ಸಾಯುತ್ತದೆ. ಎಳೆದು ಹಾಡುವ ಕಡೆ ಅದನ್ನು ಬದುಕಿಸಿಡಲು ಕೋಲುಗಳು ಒಂದರ ಹಿಂದೆ ಒಂದು ಬೀಳುತ್ತಲೇ ಇರಬೇಕು. ಅವನು ಅದನ್ನೂ ಸಾಧಿಸಿದ. ಎಲ್ಲರೂ ಬಂದರು. ಕೆಳಗಿನ ಸ್ವರದ ಆ ಮುದುಕನೊಬ್ಬ ಮಾತ್ರ ಬರಲಿಲ್ಲ. ಅಷ್ಟು ಕೆಳಗಿನ ಸ್ವರಕ್ಕೆ ಅವನಲ್ಲಿ ಪಟ್ಟಿ ಇರಲಿಲ್ಲ.

ಅವನು ಹೊಸ ಮರ ಕಡಿದು ನೋಡಿದ. ಹಸಿ ಮರ ನುಡಿಯಲಿಲ್ಲ. ಒನಕೆಯನ್ನು ಬಡಿದು ನೋಡಿದ, ಏಣಿಯನ್ನು ಬಡಿದು ನೋಡಿದ, ಭತ್ತ ತುಂಬಿಡುವ ಪತ್ತಾಯದ ಹಲಗೆಯನ್ನು ಬಡಿದು ನೋಡಿದ. ಒಂದು ಸಂಜೆ ಅವನ ಹೆಂಡತಿ ಬಾಗಿಲು ಮುಚ್ಚಿ ಅಡ್ಡ ಅಗುಳಿ ಹಾಕಿದಳು. ಅವಳ ಅಜ್ಜ ಕೊಟ್ಟ ಬೀಟೆಯ ಅಗುಳಿ ಅದು, ತೊಡೆಯಷ್ಟು ದಪ್ಪ. ಗೋಡೆಯ ತೂತಿನಲ್ಲಿ ಕೂರುವಾಗ ಅದು ಒಮ್ಮೆ ನುಡಿಯಿತು. ದಿನವೂ ನುಡಿಯುತ್ತಿತ್ತು. ವಾದಕ ಅಂದು ಕೇಳಿದ.

ಆ ವರ್ಷ ಊರಿಗೆ ಚಿರತೆಯೂ ಬರುತ್ತಿತ್ತು. ಜ್ವರದಿಂದ ಮನೆಗಳು ಬರಿದಾಗಿದ್ದವು, ಬೀದಿಯಲ್ಲಿ ಜನರಿರಲಿಲ್ಲ. ಅದು ಮೊದಲು ಆಡುಗಳನ್ನು ಒಯ್ದಿತು. ಆಮೇಲೆ ಮೇಲಿನ ಕೇರಿಯ ಒಂದು ಮನೆಯ ಬಾಗಿಲಿಗೆ ಎರಡು ಕಾಲೂರಿ ತಳ್ಳಿತು. ಅಗುಳಿ ತಡೆಯಿತು. ಅಂದಿನಿಂದ ದೀಪ ಹಚ್ಚುವ ಮೊದಲೇ ಎಲ್ಲ ಮನೆಗಳಲ್ಲಿ ಅಗುಳಿ ಬೀಳುತ್ತಿತ್ತು.

ವಾದಕನಿಗೆ ಇದು ಗೊತ್ತಿತ್ತು. ಅವನಿಗೆ ಚಿರತೆಗಿಂತ ಹಿರಿಯ ಗಾಯಕನ ಭಯ ಹೆಚ್ಚಾಗಿತ್ತು.

ಹೆಂಡತಿ ಬಾವಿಗೆ ಹೋದಾಗ ಅವನು ಅಗುಳಿಯನ್ನು ತೆಗೆದ. ಮೊದಲೇ ಅದೇ ಅಳತೆಗೆ ಕೆತ್ತಿ, ಮಸಿ ಎಣ್ಣೆ ಬಳಿದಿಟ್ಟಿದ್ದ ಬೂರುಗದ ಮರವನ್ನು ಆ ಜಾಗದಲ್ಲಿಟ್ಟ. ಬೂರುಗ ಮೆತ್ತನೆಯ ಮರ, ಬೆಂಕಿಕಡ್ಡಿಗೆ ಆಗುವಂಥದು. ಬೀಟೆಯನ್ನು ಕೊಟ್ಟಿಗೆಗೆ ಒಯ್ದು ಅಡಿಯ ನಡುವನ್ನು ಹೆರೆದ. ಹೆರೆಯುತ್ತ ಹೋದಂತೆ ಸ್ವರ ಇಳಿಯುತ್ತ ಹೋಯಿತು. ಕೊನೆಗೆ ಮುದುಕ ಎದ್ದು ಬಂದ.

ಅಂದು ಸಂಜೆ ಹೆಂಡತಿ ಅಗುಳಿ ಎತ್ತಿದಳು. ಅವಳ ಕಂಕುಳಲ್ಲಿ ಮಗುವಿತ್ತು.

"ಇದೇನು, ಇಷ್ಟು ಹಗುರವಾಗಿದೆ?"

"ಎತ್ತಲು ಕಷ್ಟ ಅನ್ನುತ್ತಿದ್ದೆಯಲ್ಲ. ಒಳಗಡೆ ಸ್ವಲ್ಪ ಹೆರೆದಿದ್ದೇನೆ. ಗಟ್ಟಿಯಾಗಿಯೇ ಇದೆ."

"ಅಬ್ಬ! ಮದುವೆಯಾಗಿ ಬಂದ ಮೇಲೆ ಇದೊಂದು ಕೆಲಸ ಮಾಡಿದಿರಿ. ಇನ್ನು ಮಗುವನ್ನು ಇಳಿಸದೆಯೇ ಹಾಕಬಹುದು," ಎಂದು ಅವಳು ನಕ್ಕಳು.

ಅವನೂ ನಕ್ಕ.

ಹಾಡಿನ ದಿನ ಬಂತು. ಊರಿನ ಗಂಡಸರು ಚಾವಡಿಯಲ್ಲಿ ಸೇರಿದರು. ಹಿರಿಯ ಗಾಯಕ ಮುಂದೆ ಕೂತ. ಮನೆಗಳಲ್ಲಿ ಹೆಂಗಸರು ಅಗುಳಿ ಹಾಕಿಕೊಂಡರು. ಸೂರ್ಯ ಮುಳುಗುವಾಗ ವಾದಕ ಕೋಲು ಎತ್ತಿದ.

ಅವನ ಹೆಂಡತಿ ಒಲೆಯ ಮುಂದಿದ್ದಳು. ಹಾಡು ಬೀದಿ ದಾಟಿ ಬಂತು. ಸತ್ತುಹೋದ ಅತ್ತಿಗೆಯ ಪಾಲು ಯಾವುದು, ನೆರೆಮನೆಯವನ ಪಾಲು ಯಾವುದು ಎಂದು ಅವಳಿಗೆ ತಿಳಿಯಿತು. ಅವಳ ಕಣ್ಣು ತುಂಬಿತು. ಆಗ ಕೆಳಗಿನ ಸ್ವರ ಬಿತ್ತು.

ಅದು ಮುದುಕನ ಸ್ವರ ಎಂದು ಅವಳಿಗೆ ಅನ್ನಿಸಲಿಲ್ಲ. ಅದು ಅವಳ ಬಾಗಿಲಿನ ಸದ್ದು.

ಅವಳು ಎದ್ದು ಹೋಗಿ ಅಗುಳಿಯ ಮೇಲೆ ಕೈಯಿಟ್ಟಳು. ಉಗುರಿನಿಂದ ಒತ್ತಿದಳು. ಉಗುರು ಒಳಗೆ ಹೋಯಿತು.

ಹೊರಗೆ ನಾಯಿ ಬೊಗಳುತ್ತಿತ್ತು. ನಡುವೆಯೇ ನಿಂತಿತು.

ಅವಳು ದೀಪ ಆರಿಸಿದಳು. ಬೀಸುವ ಕಲ್ಲನ್ನು ಬಾಗಿಲಿಗೆ ಉರುಳಿಸಿ ತಂದಳು. ಮಗುವಿನ ಬಾಯನ್ನು ಎದೆಗೆ ಒತ್ತಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕಲ್ಲಿನ ಮೇಲೆ ಕೂತಳು. ಹೊಸಿಲಿನ ಸಂದಿನಲ್ಲಿ ಏನೋ ಉಸಿರೆಳೆದುಕೊಂಡಿತು. ಬಾಗಿಲು ಒಳಕ್ಕೆ ವಾಲಿತು. ಅವಳ ತಲೆಯ ಮೇಲೆ ಬೂರುಗ ಸೀಳುವ ಸದ್ದು ಕೇಳಿತು. ದೂರದಲ್ಲಿ ಅವಳ ಅಗುಳಿ ಮತ್ತೆ ಮತ್ತೆ ನುಡಿಯುತ್ತಿತ್ತು. ಪ್ರತಿ ಸಲ ನುಡಿದಾಗಲೂ ಅದು ಇಲ್ಲಿ ಇಲ್ಲ ಎಂದು ಅವಳಿಗೆ ಹೊಸದಾಗಿ ಗೊತ್ತಾಗುತ್ತಿತ್ತು.

ಚಾವಡಿಯಲ್ಲಿ ವಾದಕನಿಗೂ ಆ ಸ್ವರದಲ್ಲಿ ತನ್ನ ಬಾಗಿಲು ಕೇಳಿತು. ಕೊಟ್ಟಿಗೆಯಲ್ಲಿ ನುಡಿಸುವಾಗ ಹಾಗೆ ಕೇಳಿರಲಿಲ್ಲ. ಕೋಲು ಬಿಸಾಡಿ ಓಡಬೇಕೆನಿಸಿತು. ಮುಂದೆ ಹಿರಿಯ ಗಾಯಕ ಕೂತಿದ್ದ. ವಾದಕ ಓಡಲಿಲ್ಲ. ಹಾಡನ್ನು ಮುಗಿಸಿದ. ಒಂದು ಸ್ವರವೂ ತಪ್ಪಲಿಲ್ಲ.

ಹಿರಿಯ ಗಾಯಕ ಎದ್ದು ಬಂದು ಅವನ ಬೆನ್ನು ತಟ್ಟಿದ. ಗಂಟಲು ಹೋದ ದನಿಯಲ್ಲೇ ನಕ್ಕ.

"ಎಲ್ಲರನ್ನೂ ಕರೆತಂದೆಯಪ್ಪ. ಆ ಮುದುಕನನ್ನೂ ಬಿಡಲಿಲ್ಲ! ಅವನು ಅರ್ಧ ಹಾಡಿಗೇ ತೂಕಡಿಸುತ್ತಿದ್ದ, ಗೊತ್ತೇ? ಅವನು ಯಾವಾಗ ನಿಲ್ಲಿಸಿದ ಎಂದು ನಮಗೆ ಒಂದು ವರ್ಷವೂ ತಿಳಿದದ್ದಿಲ್ಲ."

ವಾದಕ ಬೀಟೆಯ ಪಟ್ಟಿಯನ್ನು ಕಿತ್ತು ಕಂಕುಳಲ್ಲಿಟ್ಟುಕೊಂಡು ಓಡಿದ. ಅಂಗಳದಲ್ಲಿ ನಾಯಿ ಇರಲಿಲ್ಲ. ಬಾಗಿಲ ಮೇಲೆ ಉಗುರಿನ ಗೆರೆಗಳಿದ್ದವು. ಅವನು ಹೆಂಡತಿಯನ್ನು ಕೂಗಿದ. ಒಳಗಿನಿಂದ ಅವಳ ದನಿ ಬಂತು.

"ಅಗುಳಿ ತಂದಿದ್ದೀರಾ?"

"ತಂದಿದ್ದೇನೆ," ಎಂದ.

ಕಲ್ಲು ಸರಿಯಿತು. ಬಾಗಿಲು ತೆರೆಯಿತು. ಮಗು ನಿದ್ದೆ ಹೋಗಿತ್ತು. ಅವಳು ಬೀಟೆಯನ್ನು ಅವನ ಕೈಯಿಂದ ತೆಗೆದುಕೊಂಡು, ತಿರುಗಿಸಿ, ಹೆರೆದು ತೆಳುವಾದ ನಡುವನ್ನು ಒಮ್ಮೆ ಸವರಿ, ಒಲೆಯ ಪಕ್ಕದಲ್ಲಿ ಸೌದೆಯ ಜೊತೆಗಿಟ್ಟಳು. ಅದು ಇನ್ನು ಬಾಗಿಲಿಗೆ ಆಗುವಂತಿರಲಿಲ್ಲ.

ಮರುದಿನ ಅವನು ಗಟ್ಟಿ ಮರ ಹುಡುಕಿ ಹೊಸ ಅಗುಳಿ ಮಾಡಿದ. ಅದು ಹಳೆಯದಕ್ಕಿಂತ ದಪ್ಪವಾಗಿತ್ತು. ಚಿರತೆ ಮತ್ತೆ ಆ ಬಾಗಿಲಿಗೆ ಬರಲಿಲ್ಲ. ಮಗು ದೊಡ್ಡದಾಯಿತು. ಹಾಡಿನ ಮಾತು ಬಂದಾಗಲೆಲ್ಲ ಊರಿನವರು ವಾದಕನ ಹೆಸರನ್ನು ಹೇಳುತ್ತಿದ್ದರು.

ಮಾಸ್ಟ್ರು ಇಷ್ಟು ಹೇಳಿ ನಿಲ್ಲಿಸಿದರು. ಹಿಲ್ಡಾಳ ಕೈ ಚೀಲದ ಮೇಲಿತ್ತು.

"ಹಾಗಾದರೆ ಅವನಿಗೆ ಎಲ್ಲವೂ ಉಳಿಯಿತಲ್ಲ, ಮಾಸ್ಟ್ರೇ," ಎಂದಳು. "ಹೆಂಡತಿ ಉಳಿದಳು, ಮಗು ಉಳಿಯಿತು, ಹೆಸರೂ ಬಂತು. ಅವನು ತೆತ್ತದ್ದಾದರೂ ಏನು?"

"ಅಂದಿನಿಂದ ಪ್ರತಿ ಸಂಜೆ ಅವನು ಅಗುಳಿ ಹಾಕಿ ಬಂದು ಕೂತ ಮೇಲೆ, ಅವಳು ಎದ್ದು ಹೋಗಿ ಅದನ್ನು ಒಮ್ಮೆ ಉಗುರಿನಿಂದ ಒತ್ತಿ ನೋಡಿ ಬರುತ್ತಿದ್ದಳು."